ಉಬ್ಬರವಿಳಿತದ ಕೋಟೆ: ಸ್ಯಾಂ ಮಾಲೊ

ಫ್ರಾನ್ಸಿನ ವಾಯವ್ಯ ಭಾಗದಲ್ಲಿ, ಬ್ರಿಟನಿ ಪ್ರಾಂತದ ಬಡಗಣ ಕರಾವಳಿಯಲ್ಲಿ, ರಾಂಸ್ ನದಿ ಕಡಲನ್ನು ಕೂಡುವ ಅಳಿವೆಯ ಬಲದಂಡೆಯ ಮೇಲೆ, ಹಿಂದೊಮ್ಮೆ ದ್ವೀಪದಂತೆಯೇ ಇದ್ದು ಈಗ ಸಿಯೋಂ ಎಂಬ ಕಿರಿದಾದ ಮರಳದಿಣ್ಣೆಯ ಹಾದಿಯಿಂದ ನೆಲಕ್ಕೆ ಹೊಂದಿಕೊಂಡಿರುವ ಒಂದು ಗ್ರಾನೈಟ್ ಬಂಡೆಯನ್ನು ಅಂಚಿನಿಂದಂಚಿಗೆ ಆವರಿಸಿ ನಿಂತಿರುವ ಕೋಟೆಯ ಊರೇ ಸ್ಯಾಂ ಮಾಲೊ. ಅದರ ಪ್ರಾಕಾರದ ಮೇಲೆ ಒಂದು ಸುತ್ತು ಬರಲು ನಡೆಯಬೇಕಾದ ದೂರ ಎರಡು ಕಿಲೋಮೀಟರಿಗೂ ಕಡಮೆ. ಆದರೆ ಈ ಅಲ್ಪ ಪರಿಧಿಯೊಳಗೆ ಹುಟ್ಟಿ ಬೆಳೆದವರು ಕೆನಡದ ಮಹಾನದಿಯ ಹಾದಿಯನ್ನು ಫ್ರಾನ್ಸಿಗೆ ತೋರಿಸಿಕೊಟ್ಟರು, ರಿಯೋ ದ ಜನೈರೋ ನಗರವನ್ನು ಹಿಡಿದು ದಂಡ ವಸೂಲು ಮಾಡಿದರು, ಮಾರಿಷಸ್ ದ್ವೀಪದಲ್ಲಿ ತಮ್ಮ ದೊರೆಯ ಧ್ವಜವನ್ನೆತ್ತಿದರು, ನಮ್ಮ ಮದರಾಸಿನ ಕೋಟೆಯನ್ನು ವಶಪಡಿಸಿಕೊಂಡರು, ದಕ್ಷಿಣ ಅಟ್ಲಾಂಟಿಕಿನ ಒಂದು ದ್ವೀಪಸಮೂಹಕ್ಕೆ ತಮ್ಮ ಊರಿನ ಹೆಸರನ್ನೇ ಇಟ್ಟುಬಂದರು. ಇಷ್ಟೊಂದು ಸಾಹಸವೂ ಇಷ್ಟೊಂದು ಧನಲೋಭವೂ ಇಷ್ಟೊಂದು ಹಠವೂ ಈ ಒಂದು ಬಂಡೆಯ ಮೇಲೆ ಹೇಗೆ ಕೂಡಿಬಂದವೆಂದು ತಿಳಿಯಬಯಸುವವರು ಮೊಟ್ಟಮೊದಲು ನೋಡಬೇಕಾದುದು ಆ ಗೋಡೆಗಳ ಬುಡದಲ್ಲಿ ದಿನಕ್ಕೆರಡು ಬಾರಿ ಏರಿ ಇಳಿಯುವ ನೀರನ್ನು ಎಂದು ನಾನು ನಂಬಿದ್ದೇನೆ.

ಅಟ್ಲಾಂಟಿಕ್ ಸಾಗರದಿಂದ ಇಂಗ್ಲಿಷ್ ಕಡಲ್ಗಾಲುವೆಯೊಳಕ್ಕೆ ನುಗ್ಗಿ ಬರುವ ಭರತಕ್ಕೆ ಕೊತಾಂತೆಂ ಪರ್ಯಾಯದ್ವೀಪವು ಅಡ್ಡಲಾಗಿ ಚಾಚಿಕೊಂಡಿರುವುದರಿಂದ, ಮುಂದಕ್ಕೆ ಹರಿಯಲು ಎಡೆಯಿಲ್ಲದ ನೀರು ಈ ಕೊಲ್ಲಿಯಲ್ಲಿ ಒತ್ತರಿಸಿ ಮೇಲಕ್ಕೇಳುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳು ಕಳೆದ ಒಂದೆರಡು ದಿನಗಳಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಣ ಅಂತರ 12 ಮೀಟರುಗಳಷ್ಟಾಗುವುದುಂಟು; ಹಗಲಿರುಳು ಸಮವಾಗುವ ವಿಷುವದ ಸಮಯದಲ್ಲಿ ಅದಕ್ಕೂ ಹೆಚ್ಚಾಗುವುದುಂಟು. ನಾಲ್ಕಂತಸ್ತಿನ ಮನೆಯೊಂದು ಆರು ಗಂಟೆಗಳಲ್ಲಿ ಮುಳುಗಿ, ಮತ್ತಾರು ಗಂಟೆಗಳಲ್ಲಿ ಪುನಃ ಮೇಲೆದ್ದು ಬಂದಂತೆ. ಬೆಳಗ್ಗೆ ಹಡಗು ತೇಲಿದ ಸ್ಥಳದಲ್ಲಿ ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಚೆಂಡಾಡುತ್ತಿರುತ್ತಾರೆ; ಕಡಲ ನಡುವೆ ಬಿಡಿಬಿಡಿಯಾಗಿ ಕಂಡ ದ್ವೀಪದುರ್ಗಗಳಿಗೆ ಜನರು ಒದ್ದೆ ಮರಳ ಮೇಲೆ ಕಾಲ್ನಡಿಗೆಯಲ್ಲಿ ಹೋಗಿಬರುತ್ತಾರೆ. ಸಿಯೋಂ ದಂಡೆಯುದ್ದಕ್ಕೂ, ಬಿರುಗಾಳಿಯ ಅಲೆಗಳ ಹೊಡೆತವನ್ನು ಮುರಿಯಲೆಂದು, ಸಾವಿರಾರು ಓಕ್ ಮರದ ದಿಮ್ಮಿಗಳನ್ನು ಮರಳಿನಲ್ಲಿ ಸಾಲುಸಾಲಾಗಿ ನೆಟ್ಟಿದ್ದಾರೆ. ಉಪ್ಪುನೀರು ತಿಂದು ಕರ್ರಗಾಗಿ, ಬುಡದಲ್ಲಿ ಚಿಪ್ಪುಗಳು ಕವಿದು, ತುದಿಯಲ್ಲಿ ಸೀಳುಬಿಟ್ಟು ನಿಂತಿರುವ ಆ ಕಂಬಗಳ ಮೇಲೆ ನೀರಿನ ಏರಿಳಿತದ ಗುರುತನ್ನು ಬಣ್ಣಬಣ್ಣದ ಪಟ್ಟಿಗಳಾಗಿ ಓದಬಹುದು.

ನನ್ನ ಪತ್ನಿಯೂ ನಾನೂ ಅಲ್ಲಿಗೆ ಹೋದುದು ಜರ್ಸಿ ದ್ವೀಪದಿಂದ, ನಮ್ಮ ಪುಟ್ಟ ಹಾಯಿದೋಣಿಯಲ್ಲಿ. ದೂರ ಸುಮಾರು 35 ನಾವಿಕ ಮೈಲಿ; ಆದರೆ ಆ ದಾರಿಯನ್ನು ಮೈಲಿಗಳಲ್ಲಿ ಅಳೆಯುವುದು ವ್ಯರ್ಥ, ಭರತದ ಪಟ್ಟಿಯನ್ನು ಮುಂದಿಟ್ಟುಕೊಂಡು ಗಂಟೆಗಳಲ್ಲಿ ಎಣಿಸಬೇಕು. ಆ ಲೆಕ್ಕಾಚಾರವೆಲ್ಲ ನನ್ನ ಪತ್ನಿಯದು. ಅವಳು ಹೇಳಿದ ಗಳಿಗೆಗೆ ಹೊರಟು, ನೀರು ಇಳಿದಾಗ ಹಲ್ಲುಗಳಂತೆ ಹೊರಬೀಳುವ ಮಿಂಕಿಯೇ ಬಂಡೆಗಳನ್ನು ದೂರದಲ್ಲೇ ಬಿಟ್ಟು, ಗ್ರಾಂ ಝಾರ್ದಾಂ ದೀಪಸ್ತಂಭವನ್ನು ಸಮೀಪಿಸಿದಾಗ, ಮೊದಲು ತೋರಿದುದು ಗುಡಿಯ ಶಿಖರದ ಸೂಜಿಮೊನೆ, ಆಮೇಲೆ ಬೂದುಬಣ್ಣದ ಒಂದೇ ಘನವಸ್ತುವಿನಂತಿದ್ದ ಊರು, ಕೊನೆಗೆ ಆ ಊರಿನ ಮುಂದೆ ಕಾವಲುಗಾರರಂತೆ ಹರಡಿಕೊಂಡ ದ್ವೀಪಗಳು. ಸುತ್ತಲಿನ ಬಂಡೆಗಳಲ್ಲಿ ಅರ್ಧದಷ್ಟು ನೀರಿನ ಮೇಲಿದ್ದರೆ ಅರ್ಧದಷ್ಟು ನೀರಿನ ಕೆಳಗಿರುತ್ತವೆ, ಮತ್ತು ಗಂಟೆಗೊಮ್ಮೆ ಒಂದರ ಸ್ಥಾನವನ್ನು ಇನ್ನೊಂದು ಪಡೆಯುತ್ತದೆ. ಇಲ್ಲಿಗೆ ದಂಡೆತ್ತಿ ಬಂದ ಶತ್ರುಗಳ ನಾವೆಗಳು ಏಕೆ ದೂರದಲ್ಲಿಯೇ ಲಂಗರುಹಾಕಿ ಹಿಂಜರಿಯುತ್ತಿದ್ದುವೆಂಬುದನ್ನು, ಚುಕ್ಕಾಣಿಯನ್ನು ಕೈಯಲ್ಲಿ ಹಿಡಿದು ಆ ಕಾಲುದಾರಿಯಂಥ ಜಲಮಾರ್ಗದಲ್ಲಿ ಒಂದು ಸಲ ಸಾಗಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೋಟೆಯ ಬುಡಕ್ಕೇ ಹೊಂದಿಕೊಂಡ ವೋಬಾಂ ಕೊಳದಲ್ಲಿ ದೋಣಿ ಕಟ್ಟಬೇಕಾದರೆ ನೇ ಎಂಬ ಜಲದ್ವಾರವನ್ನು ಹಾದುಹೋಗಬೇಕು. ಭರತದ ಪೂರ್ಣತೆಗೆ ಹಿಂದುಮುಂದಿನ ಕೆಲವು ಗಂಟೆಗಳಲ್ಲಿ ಮಾತ್ರ ಅದು ತೆರೆದಿರುತ್ತದೆ. ಒಳಗೆ ಹೊಕ್ಕಾಗ ಎರಡೂ ಕಡೆ ಎತ್ತರವಾದ ಕಲ್ಲುಗೋಡೆ. ಅದರ ಮೇಲೆ ಹಸುರು ಪಾಚಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಲಿನಿಂದ ದ್ವಾರಪಾಲಕನು ಇಳಿಬಿಟ್ಟ ತೆಳ್ಳಗಿನ ಹಗ್ಗಕ್ಕೆ ನಮ್ಮ ದಪ್ಪ ಹಗ್ಗವನ್ನು ಕಟ್ಟಿ ಕಳುಹಿಸಿದೆವು. ಹಿಂದಣ ಬಾಗಿಲು ಮುಚ್ಚಿತು, ನೀರು ತುಂಬತೊಡಗಿತು, ಮೀನುಗಾರರ ದೋಣಿಯೊಂದರ ಪಕ್ಕದಲ್ಲಿ ನಾವೂ ಸದ್ದಿಲ್ಲದೆ ಮೇಲೇರಿದೆವು. ಮುಂದಣ ಬಾಗಿಲು ತೆರೆದಾಗ ಎದುರಿಗಿದ್ದುದು ಏರಿಳಿತವನ್ನೇ ಅರಿಯದ ನಿಶ್ಚಲವಾದ ಜಲಾಶಯ, ಅದರ ಆಚೆ ಸಂಜೆಬಿಸಿಲಿನಲ್ಲಿ ಕೆಂಪೇರಿದ ಪ್ರಾಕಾರ, ಪ್ರಾಕಾರದ ಮೇಲ್ಗಡೆ ಕಡಿದಾದ ಮಾಡುಗಳೂ ಉನ್ನತವಾದ ಹೊಗೆಗೂಡುಗಳೂ. ಈ ಕೊಳಗಳು ಹತ್ತೊಂಬತ್ತನೆಯ ಶತಮಾನದಿಂದೀಚಿನ ಕೃತಿಗಳು. ಅದಕ್ಕೆ ಹಿಂದಿನ ಶತಮಾನಗಳಲ್ಲಿ ಇಲ್ಲಿನ ಹಡಗುಗಳಿಗೆಲ್ಲ ಇದ್ದ ಗತಿ ಒಂದೇ: ನೀರಿದ್ದಾಗ ತೇಲುವುದು, ನೀರಿಳಿದಾಗ ಮರಳ ಮೇಲೆ ಪಕ್ಕಕ್ಕೊರಗಿ ಮಲಗುವುದು.

ಊರಿನ ಹುಟ್ಟು ಈ ಬಂಡೆಯ ಮೇಲಾದುದಲ್ಲ. ತೆಂಕಣ ಬದಿಯಲ್ಲಿ, ಇಂದಿನ ಸ್ಯಾಂ ಸೆರ್ವಾಂ ಭಾಗದಲ್ಲಿರುವ ಅಲೆತ್ ಎಂಬ ಭೂಶಿರದ ಮೇಲೆ ಕೆಲ್ಟ್ ಜನರ, ಅವರ ತರುವಾಯ ರೋಮನರ ಕಾಲದ ಪಟ್ಟಣವಿದ್ದಿತು. ಆರನೆಯ ಶತಮಾನದಲ್ಲಿ ವೇಲ್ಸ್ ದೇಶದಿಂದ ಕಡಲು ದಾಟಿ ಬಂದ ಮಾಲೊ ಎಂಬ ಸಂನ್ಯಾಸಿಯನ್ನು, ಆಗ ನಿರ್ಜನವಾಗಿದ್ದ ಈ ಬಂಡೆಯ ಮೇಲೆ ತಪಸ್ಸಿಗೆ ಕುಳಿತಿದ್ದ ಆರೋನ್ ಎಂಬ ಏಕಾಂತವಾಸಿ ಆದರಿಸಿದನೆಂದೂ, ಮಾಲೊ ಮುಂದೆ ಅಲೆತ್ತಿನ ಧರ್ಮಗುರುವಾದನೆಂದೂ ಸ್ಥಳಪುರಾಣ ಹೇಳುತ್ತದೆ. ಅಲೆತ್ತು ಪದೇ ಪದೇ ದಾಳಿಗೆ ತುತ್ತಾಗುತ್ತಿದ್ದುದರಿಂದ ಹನ್ನೆರಡನೆಯ ಶತಮಾನದ ನಡುವಿನಲ್ಲಿ ಝಾಂ ದ ಶಾತಿಯೋಂ ಎಂಬ ಬಿಷಪ್ಪನು ಪೀಠವನ್ನೇ ಬಂಡೆಗೆ ವರ್ಗಾಯಿಸಿ, ಸ್ಯಾಂ ವ್ಯಾಂಸಾಂ ದೇವಾಲಯವನ್ನು ಕಟ್ಟಿಸಿ, ಮೊದಲ ಕೋಟೆಗೋಡೆಗೆ ಅಸ್ತಿವಾರ ಹಾಕಿಸಿದನು. ಆ ಮೊದಲ ಗೋಡೆಯ ಭಾಗಗಳು ಪಡುವಣ ದಿಕ್ಕಿನಲ್ಲಿ ಈಗಲೂ ಉಳಿದಿವೆ. ಗುರುಪೀಠದ ಆಶ್ರಯವೆಂಬ ಕಾರಣದಿಂದ ಬಂದವರಿಗೆಲ್ಲ ಇಲ್ಲಿ ಅಭಯ ದೊರೆಯುತ್ತಿದ್ದುದರಿಂದ, ಸಾಲಗಾರರೂ ತಲೆತಪ್ಪಿಸಿಕೊಂಡವರೂ ಅಲೆಮಾರಿ ನಾವಿಕರೂ ಇಲ್ಲಿ ನೆಲೆಸಿದರು; ಯಾವ ದೊರೆಗೂ ಸುಲಭವಾಗಿ ಮಣಿಯದ ಇಲ್ಲಿನ ಜನರ ಸ್ವಭಾವಕ್ಕೆ ಈ ಮೂಲವೇ ಕಾರಣವೆಂದು ನನಗೆ ತೋರುತ್ತದೆ.

ಹಡಗುಗಳು ಮರಳ ಮೇಲೆ ಮಲಗುತ್ತಿದ್ದುವೆಂದೆನಷ್ಟೆ. ನೀರಿಳಿದ ರಾತ್ರಿಗಳಲ್ಲಿ ಕಳ್ಳನೊಬ್ಬನು ಕಾಲು ತೋಯದಂತೆ ನಡೆದುಬಂದು ಹಡಗಿನ ಸರಕನ್ನು ಹೊತ್ತೊಯ್ಯಬಹುದಾಗಿದ್ದ ಈ ವಿಚಿತ್ರ ಬಂದರನ್ನು ಕಾಯಲು ಊರಿನವರು ಕಂಡುಕೊಂಡ ಉಪಾಯವೆಂದರೆ ನಾಯಿಗಳು. ದೊಡ್ಡ ಗಾತ್ರದ ಕಾವಲುನಾಯಿಗಳ ಹಿಂಡೊಂದನ್ನು ಊರಿನ ಖರ್ಚಿನಲ್ಲಿ ಸಾಕಿ, ಹಗಲೆಲ್ಲ ಹಸಿದಂತೆಯೇ ಕಟ್ಟಿಹಾಕಿ, ರಾತ್ರಿ ಹತ್ತರ ಗಂಟೆ ಬಾರಿಸಿ ಬಾಗಿಲುಗಳನ್ನು ಮುಚ್ಚಿದ ಮೇಲೆ ಮರಳಿನ ಮೇಲೆ ಬಿಡುತ್ತಿದ್ದರು. ಬೆಳಗಿನ ಜಾವದಲ್ಲಿ ತುತೂರಿಯ ದನಿ ಕೇಳಿ ಅವು ಹಿಂದಿರುಗುತ್ತಿದ್ದುವು. ಆ ಗಂಟೆಯ ಹೆಸರು ನೊಗೆತ್. ಅದು ಬಾರಿಸಿದ ಮೇಲೆ ಕೋಟೆಯ ಹೊರಗುಳಿದವನನ್ನು ದೇವರೇ ಕಾಯಬೇಕಾಗಿತ್ತು. ಈ ಪದ್ಧತಿ ಅನೇಕ ಶತಮಾನಗಳ ಕಾಲ ನಡೆದು, 1770ರಲ್ಲಿ, ಹೊತ್ತು ಮೀರಿ ಮರಳುತ್ತಿದ್ದ ತರುಣ ನೌಕಾಧಿಕಾರಿಯೊಬ್ಬನನ್ನು ನಾಯಿಗಳು ಸೀಳಿ ಕೊಂದ ಬಳಿಕ ನಿಂತಿತು, ನಾಯಿಗಳನ್ನೆಲ್ಲ ಕೊಲ್ಲಲಾಯಿತು. ಅವನ್ನು ಕಟ್ಟುತ್ತಿದ್ದ ಗೂಡುಗಳನ್ನು ಹಾಲೆಂಡ್ ಕೊತ್ತಲದ ಬಳಿ ತೋರಿಸುತ್ತಾರೆ. ತಗ್ಗಾದ ಕಲ್ಲಿನ ಕಮಾನುಗಳು. ಒಳಗೆ ಬಗ್ಗಿ ನೋಡಿದ ನನ್ನ ಪತ್ನಿ, ತಮ್ಮನ್ನು ಸಾಕಿದವರು ಕಲಿಸಿದ ಕೆಲಸವನ್ನೇ ಆ ಪ್ರಾಣಿಗಳು ಮಾಡಿದುವಲ್ಲವೇ ಎಂದು ಬಹಳ ಹೊತ್ತು ಮರುಗಿದಳು.

ಊರಿನ ಮೂಡಣ ಬಾಗಿಲಿನ ಮಗ್ಗುಲಲ್ಲಿರುವ ಒಳಕೋಟೆಯನ್ನು ಕಟ್ಟಿಸಿದವರು ಬ್ರಿಟನಿಯ ಡ್ಯೂಕರು. ಹದಿನೈದನೆಯ ಶತಮಾನದ ಆ ಕಟ್ಟಡದ ಬುರುಜುಗಳು ಹೊರಗಿನ ಶತ್ರುವನ್ನು ನೋಡುವಷ್ಟೇ ಎಚ್ಚರಿಕೆಯಿಂದ ಊರೊಳಗಿನ ಪ್ರಜೆಯನ್ನೂ ನೋಡುತ್ತವೆ. ಸ್ವತಂತ್ರ ಬ್ರಿಟನಿಯ ಕೊನೆಯ ಡಚೆಸ್ಸೂ ಫ್ರಾನ್ಸಿನ ರಾಣಿಯೂ ಆಗಿದ್ದ ಆನ್, ಯಾರು ಎಷ್ಟು ಗೊಣಗಿದರೂ ತನ್ನಿಚ್ಛೆಯಂತೆಯೇ ಆಗುವುದೆಂದು ಒಂದು ಬುರುಜಿನ ಮೇಲೆ ಕೆತ್ತಿಸಿದಳಂತೆ; ಆ ಬುರುಜಿಗೆ ಇಂದಿಗೂ ಗೊಣಗಾಟದ ಹೆಸರೇ ನಿಂತಿದೆ. ಗೊಣಗಿದವರು ಸುಮ್ಮನಿರಲಿಲ್ಲ. ಪ್ರಾಟೆಸ್ಟಂಟ್ ಮತದ ನಾಲ್ಕನೆಯ ಹೆನ್ರಿ ಫ್ರಾನ್ಸಿನ ಸಿಂಹಾಸನಕ್ಕೆ ಬಂದಾಗ, ಕೋಟೆಯ ಅಧಿಪತಿ ಊರನ್ನು ಆತನಿಗೆ ಒಪ್ಪಿಸಿಬಿಡುವನೆಂಬ ಶಂಕೆಯಿಂದ, 1590ರ ಮಾರ್ಚ್ ತಿಂಗಳ ಒಂದು ರಾತ್ರಿ ಐವತ್ತರಷ್ಟು ತರುಣರು ಹಗ್ಗ ಹಿಡಿದು ಬುರುಜನ್ನೇರಿ ಒಳಕೋಟೆಯನ್ನು ವಶಪಡಿಸಿಕೊಂಡರು. ಅಧಿಪತಿ ಗುಂಡಿಗೆ ಬಲಿಯಾದನು. ದೊರೆ ಕ್ಯಾಥೊಲಿಕ್ ಮತಕ್ಕೆ ಸೇರಿದುದು ಖಚಿತವಾಗಿ, 1594ರಲ್ಲಿ ತಾವೇ ಷರತ್ತು ಹಾಕಿ ಅವನಿಗೆ ಅಧೀನರಾಗುವವರೆಗೆ ನಾಲ್ಕು ವರ್ಷ ಸ್ಯಾಂ ಮಾಲೊ ಸ್ವತಂತ್ರ ಗಣರಾಜ್ಯವಾಗಿದ್ದಿತು. ತಾನು ಫ್ರೆಂಚನೂ ಅಲ್ಲ, ಬ್ರಿಟನಿಯವನೂ ಅಲ್ಲ, ಮಾಲೊವಿನವನು ಎಂಬ ಘೋಷವಾಕ್ಯವನ್ನು ಇಲ್ಲಿಯ ಹಳೆಯ ಮನೆತನದವರು ಈಗಲೂ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಆ ಒಳಕೋಟೆಯೇ ಇಂದು ನಗರಸಭೆಯ ಕಚೇರಿ.

ಕೆನಡದ ಮಹಾನದಿಯ ಹಾದಿಯನ್ನು ತೋರಿಸಿಕೊಟ್ಟ ಝಾಕ್ ಕಾರ್ತಿಯೇಯನ್ನು ಕುರಿತು ವಿಸ್ತರಿಸಬೇಕಾಗಿಲ್ಲ. ಅವನ ಕಥೆ ಎಲ್ಲ ಭೂಗೋಳ ಪುಸ್ತಕಗಳಲ್ಲಿಯೂ ಇದೆ. 1534ರ ಏಪ್ರಿಲ್‌ನಲ್ಲಿ ಎರಡು ಹಡಗುಗಳೊಡನೆ ಇಲ್ಲಿಂದ ಹೊರಟು ಸೇಂಟ್ ಲಾರೆನ್ಸ್ ಕೊಲ್ಲಿಯನ್ನು ಮುಟ್ಟಿದನು. ಮರುವರ್ಷ ಮೂರು ಹಡಗುಗಳೊಡನೆ ಹೊರಡುವ ಮುನ್ನ ಬಿಷಪ್ಪನ ಆಶೀರ್ವಾದಕ್ಕಾಗಿ ಮೊಣಕಾಲೂರಿದ ಸ್ಥಳವನ್ನು ದೇವಾಲಯದ ನೆಲದಲ್ಲಿ ಗುರುತು ಮಾಡಿದ್ದಾರೆ. ಆತನ ಸಮಾಧಿಯೂ ಅಲ್ಲಿಯೇ ಇದೆ.

ಇಂದು ನಾವು ಕಾಣುವ ಸ್ಯಾಂ ಮಾಲೊವಿಗೆ ರೂಪ ಕೊಟ್ಟುದು ಬೆಂಕಿ ಮತ್ತು ಬೆಳ್ಳಿ. 1661ರ ಮಹಾಗ್ನಿಯಲ್ಲಿ ಮರದ ಮನೆಗಳ ಸಾಲುಸಾಲೇ ಉರಿದುಹೋದ ಮೇಲೆ ಕಲ್ಲಿನಲ್ಲಿ ಕಟ್ಟುವ ಕ್ರಮ ನೆಲೆಗೊಂಡಿತು. ಅದಕ್ಕೆ ಬೇಕಾದ ಗ್ರಾನೈಟನ್ನು ಶೋಸೆ ದ್ವೀಪಗಳಿಂದ ದೋಣಿಗಳಲ್ಲಿ ತಂದರು. 1693ರಲ್ಲಿ ಇಂಗ್ಲಿಷರು, ಮದ್ದು ತುಂಬಿದ ಹಡಗೊಂದನ್ನು ಕೋಟೆಗೋಡೆಗೆ ತಾಗಿಸಿ ಊರನ್ನೇ ಹಾರಿಸಿಬಿಡಬೇಕೆಂದು ಕಳುಹಿಸಿದಾಗ, ಅದು ಬಂಡೆಯೊಂದಕ್ಕೆ ಸಿಲುಕಿ ದೂರದಲ್ಲಿಯೇ ಸಿಡಿಯಿತು. ಮಾಡುಗಳೂ ಕಿಟಕಿಯ ಗಾಜುಗಳೂ ಒಡೆದುವು, ಸತ್ತುದು ಒಂದು ಬೆಕ್ಕು ಮಾತ್ರವೆಂದು ಊರಿನವರು ಹೇಳುತ್ತಾರೆ, ಅದರ ಹೆಸರಿನಲ್ಲಿ ಒಂದು ಬೀದಿಯನ್ನೂ ತೋರಿಸುತ್ತಾರೆ. ಹದಿನಾಲ್ಕನೆಯ ಲೂಯಿಯ ದುರ್ಗಶಿಲ್ಪಿಯಾದ ವೋಬಾಂ ಇಲ್ಲಿನ ಬಂಡೆಗಳನ್ನೇ ಕೋಟೆಗಳಾಗಿ ಪರಿವರ್ತಿಸಲು ನಕ್ಷೆ ಹಾಕಿದನು. ಅವನ ಶಿಷ್ಯ ಗಾರಾಂಜೋ ಇಲ್ಲಿಯೇ ನೆಲೆಸಿ, ಬದುಕಿನ ಬಹುಭಾಗವನ್ನು ಸವೆಸಿ, ಪೆತಿ ಬೇ, ಲಾ ಕೋಂಶೆ ಮೊದಲಾದ ದ್ವೀಪದುರ್ಗಗಳನ್ನು ಎಬ್ಬಿಸಿದನು. 1708ರಿಂದ ಮೊದಲ್ಗೊಂಡು ನಾಲ್ಕು ಸಲ ಪ್ರಾಕಾರವನ್ನು ಮುಂದಕ್ಕೆ ಸರಿಸಿ, ಮರಳಿನಿಂದ ಗೆದ್ದುಕೊಂಡ ಹೊಸ ನೆಲದ ಮೇಲೆ ಹಡಗಿನ ಒಡೆಯರು ಒಂದೇ ಎತ್ತರದ, ಒಂದೇ ಗಾಂಭೀರ್ಯದ ಮನೆಗಳನ್ನು ಕಟ್ಟಿಕೊಂಡರು. ದಿನಾಂ ಬಾಗಿಲಿನ ಬಳಿ ನಿಂತು ಅವುಗಳ ಸಾಲನ್ನು ನೋಡಿದಾಗ, ಆಭರಣವಿಲ್ಲದೆಯೇ ಶ್ರೀಮಂತಿಕೆಯನ್ನು ತೋರಿಸಬಲ್ಲ ಆ ಶಿಲ್ಪದ ಸಂಯಮಕ್ಕೆ ತಲೆದೂಗದಿರಲಾಗುವುದಿಲ್ಲ.

ಹಣ ಬಂದುದೆಲ್ಲಿಂದ? ನ್ಯೂಫೌಂಡ್‌ಲೆಂಡಿನ ಕಾಡ್ ಮೀನಿನಿಂದ, ಸ್ಪೇನಿನ ಕಾದಿಸ್ ಬಂದರಿಗೆ ಸಾಗುತ್ತಿದ್ದ ಬ್ರಿಟನಿಯ ನಾರುಬಟ್ಟೆಯಿಂದ, ಹದಿನೆಂಟನೆಯ ಶತಮಾನದ ಆದಿಯಲ್ಲಿ ದಕ್ಷಿಣ ಅಮೆರಿಕದ ಕೊನೆಯನ್ನು ಸುತ್ತಿ ತಂದ ಪೆರುವಿನ ಬೆಳ್ಳಿಯಿಂದ. ಯುದ್ಧಕಾಲದಲ್ಲಿ ದೊರೆಯ ಅಪ್ಪಣೆಪತ್ರವನ್ನು ಪಡೆದು ಶತ್ರುಗಳ ವರ್ತಕನೌಕೆಗಳನ್ನು ಹಿಡಿಯುವ ಕೊರ್ಸೇರ್ ವೃತ್ತಿ ಇವೆಲ್ಲದಕ್ಕೂ ಬೆಂಬಲವಾಗಿ ನಿಂತಿತು. ಕೊರ್ಸೇರನು ತನ್ನನ್ನು ಕಡಲುಗಳ್ಳನೆಂದರೆ ಸಹಿಸುತ್ತಿರಲಿಲ್ಲ. ಅವನು ಹಿಡಿದ ಪ್ರತಿಯೊಂದು ಹಡಗನ್ನೂ ನ್ಯಾಯಾಲಯವು ಪರಿಶೀಲಿಸಿ ತೀರ್ಪು ಕೊಡುತ್ತಿತ್ತು, ಕಾನೂನಿನ ಕಡಿತಗಳು ಕಳೆದು ಉಳಿದುದರಲ್ಲಿ ಮೂರರಲ್ಲೆರಡು ಪಾಲು ಹಡಗಿನ ಒಡೆಯನಿಗೂ ಒಂದು ಪಾಲು ನಾವಿಕರಿಗೂ ಸಲ್ಲುತ್ತಿದ್ದಿತು. 1711ರಲ್ಲಿ ರಿಯೋ ನಗರವನ್ನು ಹಿಡಿದ ದ್ಯುಗೇ ತ್ರುವಾಂ ಈ ವೃತ್ತಿಯಲ್ಲಿ ಬೆಳೆದು ರಾಜನೌಕಾಪಡೆಯ ಉನ್ನತ ಪದವಿಗೇರಿದವನು. ಆಫ್ರಿಕದಿಂದ ಮನುಷ್ಯರನ್ನು ಸರಕಾಗಿ ಸಾಗಿಸಿದ ಹಡಗುಗಳೂ ಈ ಬಂದರಿನಿಂದಲೇ ಹೊರಟುವು. ಆ ಸುಂದರವಾದ ಮನೆಗಳ ಕಲ್ಲಿನಲ್ಲಿ ಆ ಲಾಭದ ಪಾಲೂ ಇದೆಯೆಂಬುದನ್ನು ಮರೆಮಾಡಿ ಈ ಊರನ್ನು ವರ್ಣಿಸುವುದು ಅಪಚಾರ.

ಭಾರತೀಯನಾದ ಸಂದರ್ಶಕನಿಗೆ ಇಲ್ಲಿನ ಬೀದಿಗಳು ಬೇರೊಂದು ರೀತಿಯಲ್ಲಿಯೂ ಮಾತಾಡುತ್ತವೆ. ಫ್ರಾನ್ಸ್ ಸರ್ಕಾರದ ಈಸ್ಟ್ ಇಂಡಿಯಾ ಕಂಪನಿ ಸಾಲದಲ್ಲಿ ಮುಳುಗಿದ್ದಾಗ, ಸ್ಯಾಂ ಮಾಲೊವಿನ ವರ್ತಕರು ಅದರಿಂದ ಹಕ್ಕನ್ನು ಪಡೆದು, ಅರೇಬಿಯದ ಮೋಖಾಕ್ಕೆ ಕಾಫಿಗಾಗಿಯೂ ಪಾಂಡಿಚೇರಿಗೆ ಬಟ್ಟೆಗಾಗಿಯೂ ಹಡಗುಗಳನ್ನು ಕಳುಹಿಸಿದರು. ಈ ಊರಿನವನೇ ಆದ ದ್ಯುಫ್ರೆನ್ ದಾರ್ಸೆಲ್ 1715ರ ಸೆಪ್ಟೆಂಬರಿನಲ್ಲಿ, ಡಚ್ಚರು ಬಿಟ್ಟುಹೋಗಿದ್ದ ಮಾರಿಷಸ್ ದ್ವೀಪವನ್ನು ಫ್ರಾನ್ಸಿನದೆಂದು ಸಾರಿ ಈಲ್ ದ ಫ್ರಾಂಸ್ ಎಂದು ಹೆಸರಿಟ್ಟನು. 1699ರಲ್ಲಿ ಇಲ್ಲಿ ಹುಟ್ಟಿದ ಮಾಹೆ ದ ಲಾ ಬೂರ್ದೊನೆ, ಬಾಲ್ಯದಲ್ಲಿಯೇ ಹಡಗು ಹತ್ತಿ, 1725ರಲ್ಲಿ ಮಲಬಾರಿನ ಮಯ್ಯಳಿ ಕೋಟೆಯನ್ನು ಹಿಡಿದ ಕಾರ್ಯಾಚರಣೆಯಲ್ಲಿ ಹೆಸರು ಗಳಿಸಿ, 1735ರಿಂದ ಈಲ್ ದ ಫ್ರಾಂಸಿನ ಗವರ್ನರನಾಗಿ ಅಲ್ಲಿ ಪೋರ್ಟ್ ಲೂಯಿ ಎಂಬ ಬಂದರನ್ನು, ಅದರ ಧಕ್ಕೆ, ಆಸ್ಪತ್ರೆ, ಹಡಗುಕಟ್ಟೆಗಳನ್ನು, ಬಹುಮಟ್ಟಿಗೆ ಗುಲಾಮರ ದುಡಿಮೆಯಿಂದ, ನಿರ್ಮಿಸಿದನು. ಆ ಬಂದರಿನಿಂದ ಹೊರಟ ನೌಕಾಬಲದಿಂದಲೇ 1746ರ ಸೆಪ್ಟೆಂಬರಿನಲ್ಲಿ ಮದರಾಸು ಅವನ ಕೈವಶವಾಯಿತು. ಹನ್ನೊಂದು ಲಕ್ಷ ವರಾಹಗಳನ್ನು ಪಡೆದು ಪಟ್ಟಣವನ್ನು ಇಂಗ್ಲಿಷರಿಗೆ ಹಿಂದಿರುಗಿಸುವುದಾಗಿ ಅವನು ಮಾತು ಕೊಟ್ಟನು. ಪಾಂಡಿಚೇರಿಯಲ್ಲಿದ್ದ ಫ್ರೆಂಚ್ ಗವರ್ನರ್ ಡೂಪ್ಲೆ ಅದನ್ನು ಒಪ್ಪಲಿಲ್ಲ. ಇಬ್ಬರ ಜಗಳ ನಡೆದಿರುವಾಗಲೇ ಅಕ್ಟೋಬರಿನ ಚಂಡಮಾರುತ ಅವನ ಹಡಗುಗಳನ್ನು ಚೂರುಮಾಡಿತು. ಪಾಂಡಿಚೇರಿಯ ಆನಂದರಂಗ ಪಿಳ್ಳೆಯವರ ದಿನಚರಿಯನ್ನು ಓದಿದವರಿಗೆ ಈ ಜಗಳದ ಪ್ರತಿಧ್ವನಿ ನೆನಪಿರಬಹುದು. ಸ್ವದೇಶಕ್ಕೆ ಮರಳಿದ ಲಾ ಬೂರ್ದೊನೆಗೆ ಸಿಕ್ಕ ಸಂಭಾವನೆ ಬಾಸ್ತೀಯ್ ಸೆರೆಮನೆ. ಬರೆಯಲು ಕಾಗದವನ್ನೂ ಕೊಡದಿದ್ದಾಗ ಅವನು ಕೈವಸ್ತ್ರಗಳಿಗೆ ಅನ್ನದ ಗಂಜಿ ಹಚ್ಚಿ ಒಣಗಿಸಿ, ಕಾಫಿಯ ಗಸಿಯನ್ನು ಮಸಿಯಾಗಿ, ಬಡಿದು ಚೂಪುಮಾಡಿದ ತಾಮ್ರದ ಕಾಸನ್ನು ಲೇಖನಿಯಾಗಿ ಮಾಡಿಕೊಂಡು ತನ್ನ ಸಮರ್ಥನೆಯನ್ನು ಬರೆದನೆಂದು ಹೇಳುತ್ತಾರೆ. 1751ರಲ್ಲಿ ನಿರ್ದೋಷಿಯೆಂದು ಬಿಡುಗಡೆಯಾಗಿ, ಎರಡು ವರ್ಷಗಳಲ್ಲಿ, 54ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಅವನು ಕಟ್ಟಿದ ಪೋರ್ಟ್ ಲೂಯಿ ಕನ್ನಡನಾಡಿನ ಚರಿತ್ರೆಗೂ ಒಂದು ದಾರುಣವಾದ ತಿರುವನ್ನು ಕೊಟ್ಟಿತು. ಟಿಪ್ಪು ಸುಲ್ತಾನನ ದೂತರು ಮಂಗಳೂರಿನಿಂದ ಹೊರಟು 1798ರ ಜನವರಿಯಲ್ಲಿ ಅಲ್ಲಿಗೆ ಬಂದಿಳಿದು ಫ್ರೆಂಚರ ನೆರವನ್ನು ಬೇಡಿದರು. ಗೋಪ್ಯವಾಗಿರಬೇಕಾಗಿದ್ದ ಆ ಮಂತ್ರಾಲೋಚನೆಯನ್ನು ಅಲ್ಲಿಯ ಗವರ್ನರ್ ಮಾಲಾರ್ತಿಕ್ ಬಹಿರಂಗ ಪ್ರಕಟಣೆಯಾಗಿ ಹೊರಡಿಸಿದನು. ದೂತರ ಜೊತೆಗೆ ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದವರು ನೂರರ ಆಸುಪಾಸಿನ ಸ್ವಯಂಸೇವಕರಷ್ಟೆ. ಪ್ರಕಟಣೆಯ ಪ್ರತಿ ಮಾತ್ರ ಕಲ್ಕತ್ತೆಯನ್ನು ತಲಪಿ, ಇಂಗ್ಲಿಷರ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬೇಕಾಗಿದ್ದ ಯುದ್ಧದ ನೆಪವಾಯಿತು. ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅದೇ ವರ್ಷಗಳಲ್ಲಿ ಅದೇ ಬಂದರನ್ನು ನೆಲೆಯಾಗಿಸಿಕೊಂಡು ಬಂಗಾಳ ಕೊಲ್ಲಿಯಲ್ಲಿ ಇಂಗ್ಲಿಷರ ಹಡಗುಗಳನ್ನು ಬೇಟೆಯಾಡುತ್ತಿದ್ದವನು ಸ್ಯಾಂ ಮಾಲೊವಿನ ರೊಬೇರ್ ಸ್ಯುರ್ಕೂಫ್. 1800ರ ಅಕ್ಟೋಬರ್ 7ರಂದು, ತೋಪುಗಳಲ್ಲಿಯೂ ಜನಬಲದಲ್ಲಿಯೂ ತನಗಿಂತ ಎಷ್ಟೋ ಮಿಗಿಲಾಗಿದ್ದ ಕೆಂಟ್ ಎಂಬ ಹಡಗನ್ನು ಹತ್ತಿ ಗೆದ್ದು ಅವನು ವಿಖ್ಯಾತನಾದನು. ಕೋಟೆಯ ಮೇಲಣ ಉದ್ಯಾನದಲ್ಲಿ ಅವನ ಕಂಚಿನ ಪ್ರತಿಮೆ ಕಡಲಾಚೆಯ ಇಂಗ್ಲೆಂಡಿನತ್ತ ಬೆರಳು ಚಾಚಿ ನಿಂತಿದೆ. ಇಂಗ್ಲಿಷರನ್ನು ಎದುರಿಸಿದವನೆಂದು ನನ್ನ ಮನಸ್ಸು ಅವನತ್ತ ವಾಲಿತು. ಅದೇ ಮನುಷ್ಯನು ಯೌವನದಲ್ಲಿ ಗುಲಾಮರ ಹಡಗುಗಳ ಕಪ್ತಾನನಾಗಿದ್ದುದನ್ನು ಪತ್ನಿ ನೆನಪಿಸಿದಳು. ಆ ಎರಡನ್ನೂ ಕೂಡಿಸಿ ಎಣಿಸದೆ ಆ ಪ್ರತಿಮೆಯ ಮುಂದೆ ನಿಲ್ಲಲು ಆ ಮೇಲೆ ನನ್ನಿಂದಾಗಲಿಲ್ಲ.

ಸಾಹಿತಿಗಳ ಪೈಕಿ ಈ ಊರಿನ ಹೆಮ್ಮೆ ಶಾತೋಬ್ರಿಯಾಂ. 1768ರಲ್ಲಿ ಕೋಟೆಯೊಳಗಿನ ಮನೆಯೊಂದರಲ್ಲಿ ಹುಟ್ಟಿದವನು. ಅವನ ತಂದೆ ಅದೇ ಗುಲಾಮರ ವ್ಯಾಪಾರದಲ್ಲಿಯೂ ಪಾಲುಗೊಂಡಿದ್ದ ಹಡಗಿನ ಒಡೆಯ. ಆ ಸಂಪತ್ತಿನಿಂದ ಕೋಂಬೂರ್ ಎಂಬ ಪುರಾತನ ಕೋಟೆಮನೆಯನ್ನು ಕೊಂಡವನು. ತನ್ನನ್ನು ಗ್ರಾಂ ಬೇ ದ್ವೀಪದ ಮೇಲೆ ಹೂಳಬೇಕೆಂದು ಶಾತೋಬ್ರಿಯಾಂ ಬದುಕಿರುವಾಗಲೇ ಏರ್ಪಾಡು ಮಾಡಿಸಿದ್ದನು. 1848ರಲ್ಲಿ ಹಾಗೆಯೇ ನಡೆಯಿತು. ನೀರಿಳಿದಾಗ ತೆರೆದುಕೊಳ್ಳುವ ಕಲ್ಲುಹಾದಿಯಲ್ಲಿ ನಾವು ಅಲ್ಲಿಗೆ ನಡೆದುಹೋದೆವು. ಸಮುದ್ರಕ್ಕೆ ಅಭಿಮುಖವಾಗಿ ಒಂದು ಗ್ರಾನೈಟ್ ಶಿಲುಬೆ, ಒಂದು ಚಪ್ಪಡಿ, ಸುತ್ತ ತಗ್ಗಾದ ಕಬ್ಬಿಣದ ಕಟಕಟೆ. ಸಮಾಧಿಯ ಮೇಲೆ ಹೆಸರಿಲ್ಲ. ಅಷ್ಟು ವಿಪುಲವಾಗಿ ತನ್ನ ಬಗೆಗೇ ಬರೆದ ಲೇಖಕನು ಕೊನೆಗೆ ತನ್ನ ಹೆಸರನ್ನು ತಾನೇ ಬಿಟ್ಟುಕೊಟ್ಟುದು ನನಗೆ ಅವನ ಬರಹಕ್ಕಿಂತಲೂ ದೊಡ್ಡದಾಗಿ ಕಂಡಿತು. ಹಾದಿ ಪುನಃ ಮುಳುಗುವ ಮುನ್ನ ಹಿಂದಿರುಗಬೇಕಾದುದರಿಂದ ಇಲ್ಲಿ ಧ್ಯಾನಕ್ಕೂ ಗಡಿಯಾರದ ಹಂಗು ತಪ್ಪಿದ್ದಲ್ಲ. ನೀರು ಸುತ್ತುವರಿದರೆ ಮುಂದಿನ ಇಳಿತದವರೆಗೆ, ಅಂದರೆ ಸುಮಾರು ಆರು ಗಂಟೆಗಳ ಕಾಲ, ಅಲ್ಲಿಯೇ ಕುಳಿತಿರಬೇಕು.

ಪ್ರಾಕಾರದ ಮೇಲೆ ಹೀಗೆ ಅಲೆದಾಡಿ, ಶತಮಾನಗಳ ಅವಿಚ್ಛಿನ್ನತೆಗೆ ಮಾರುಹೋಗಿ, ಇಳಿದು ಬೀದಿಗಳೊಳಗೆ ನಡೆಯುವಾಗ, ಈ ಮನೆಗಳಲ್ಲಿ ಬಹುಪಾಲು ನಮ್ಮ ತಂದೆತಾಯಿಗಳಿಗಿಂತ ಕಿರಿಯವೆಂಬ ಸಂಗತಿ ತಿಳಿದುಬಂದರೆ ಮನಸ್ಸು ತತ್ತರಿಸುತ್ತದೆ. 1944ರ ಆಗಸ್ಟಿನಲ್ಲಿ ಅಮೆರಿಕದ 83ನೆಯ ಪದಾತಿ ವಿಭಾಗವು ಊರನ್ನು ಮುತ್ತಿತು. ಜರ್ಮನ್ ಸೇನಾಪತಿ ಫಾನ್ ಆವ್ಲಾಕ್ ಅಲೆತ್ತಿನ ಭೂಶಿರದಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ ದುರ್ಗದೊಳಗೆ ಕುಳಿತು, ಶರಣಾಗಲೊಲ್ಲದೆ ಹೋರಾಡಿದನು. ಕೋಟೆಯೊಳಗೆ ಜರ್ಮನರು ದೊಡ್ಡ ಸಂಖ್ಯೆಯಲ್ಲಿ ಅಡಗಿದ್ದಾರೆಂದು ಭಾವಿಸಿದ ಮುತ್ತಿಗೆಗಾರರು ಫಿರಂಗಿಗಳಿಂದಲೂ ವಿಮಾನಗಳಿಂದಲೂ ಬೆಂಕಿ ಸುರಿಸಿದರು. ಅಲ್ಲಿದ್ದ ಜರ್ಮನರು ವಾಸ್ತವವಾಗಿ ಬೆರಳೆಣಿಕೆಯವರು. ಊರಿನ ನೂರಾರು ಮಂದಿ ಪುರುಷರನ್ನು ಜರ್ಮನರು ಒತ್ತೆಯಾಳುಗಳಾಗಿ ಹಿಡಿದು, ಕಡಲ ನಡುವಣ ರಾಷ್ಟ್ರೀಯ ದುರ್ಗದಲ್ಲಿ ಕೂಡಿಹಾಕಿದ್ದರು. ಅಲ್ಲಿಯೂ ಗುಂಡು ಬಿದ್ದು ಕೆಲವರು ಸತ್ತರು. ಗುಡಿಯ ಶಿಖರ ಕುಸಿಯಿತು. ನೀರಿನ ಸರಬರಾಜು ಕಡಿದುಹೋಗಿದ್ದುದರಿಂದ, ಸುತ್ತಲೂ ಸಮುದ್ರವಿದ್ದೂ ಆರಿಸುವವರಿಲ್ಲದೆ, ಊರು ದಿನಗಟ್ಟಲೆ ಹೊತ್ತಿ ಉರಿಯಿತು. 17ರಂದು ಅಲೆತ್ ಶರಣಾದಾಗ, ಪ್ರಾಕಾರದೊಳಗಿನ 865 ಕಟ್ಟಡಗಳಲ್ಲಿ ನಿಂತು ಉಳಿದುವು 182 ಮಾತ್ರ. ಹೊರಗಿನ ಸೆಜಾಂಬ್ರ್ ದ್ವೀಪದ ಮೇಲೆ ಸೆಪ್ಟೆಂಬರ್ ಆದಿಯವರೆಗೂ ಬಾಂಬುಗಳು ಬಿದ್ದುವು. ಗೋಡೆಗಳು ಮಾತ್ರ ನಿಂತುವು; ರಕ್ಷಿಸಬೇಕಾಗಿದ್ದುದನ್ನು ಕಳೆದುಕೊಂಡ ಗಾರಾಂಜೋವಿನ ಗೋಡೆಗಳು ಬೂದಿಯ ಸುತ್ತ ಅಕ್ಷತವಾಗಿ ನಿಂತುವು.

ಹೊಸ ನೆಲದಲ್ಲಿ ಹೊಸ ಮಾದರಿಯ ನಗರ ಕಟ್ಟುವುದು ಆ ಕಾಲದಲ್ಲಿ ಸುಲಭವೂ ಆಗಿದ್ದಿತು, ಯುದ್ಧದಲ್ಲಿ ಅಳಿದ ಇತರ ಊರುಗಳಲ್ಲಿ ನಡೆದುದೂ ಅದೇ. ಸ್ಯಾಂ ಮಾಲೊವಿನವರು ಬೇರೆ ನಿಶ್ಚಯ ಮಾಡಿದರು. ಬೂದಿಯಲ್ಲಿ ಬಿದ್ದ ಕಲ್ಲುಗಳನ್ನು ವಿಂಗಡಿಸಿ, ಸಂಖ್ಯೆ ಹಾಕಿ, ಜೋಡಿಸಿಟ್ಟರು; ವಾಸ್ತುಶಿಲ್ಪಿ ಲೂಯಿ ಆರೆಶ್ ಮತ್ತವನ ಜೊತೆಗಾರರು, ಒಳಗೆ ಕಾಂಕ್ರೀಟಿನ ಚೌಕಟ್ಟನ್ನೂ ವಿಶಾಲವಾದ ಅಂಗಳಗಳನ್ನೂ ಒದಗಿಸಿ, ಹೊರಗೆ ಗ್ರಾನೈಟ್ ಮೊಗಪನ್ನೂ ಕಡಿದಾದ ಮಾಡನ್ನೂ ಎತ್ತರದ ಹೊಗೆಗೂಡನ್ನೂ ಉಳಿಸಿಕೊಂಡು, ಸಮುದ್ರದಿಂದ ನೋಡಿದಾಗ ಊರಿನ ಆಕೃತಿ ಹಿಂದಿನದೇ ಆಗಿರುವಂತೆ ನಕ್ಷೆ ರಚಿಸಿದರು. 1948ರ ಸುಮಾರಿಗೆ ತೊಡಗಿದ ಕಾರ್ಯ ಹನ್ನೆರಡು ವರ್ಷ ಹಿಡಿಯಿತು. ಗುಡಿಯ ಶಿಖರ ಮತ್ತೆ ತಲೆಯೆತ್ತಿದುದು 1972ರಲ್ಲಿ. ಇದು ನಕಲೆಂದು ಹೀಗಳೆಯುವವರುಂಟು. ಹತ್ತಿರ ನಿಂತು ನೋಡಿದರೆ, ಸುಟ್ಟು ನಸುಗೆಂಪಾದ ಹಳೆಯ ಕಲ್ಲಿನ ಪಕ್ಕದಲ್ಲಿ ಹೊಸತಾಗಿ ಕಡೆದ ಬೂದುಗಲ್ಲು ಸೇರಿರುವುದು ಕಣ್ಣಿಗೆ ಬೀಳುತ್ತದೆ; ಯಾವುದೂ ಮುಚ್ಚಿಲ್ಲ. ದೇವಾಲಯದೊಳಗೆ ಹನ್ನೆರಡನೆಯ ಶತಮಾನದ ಮಬ್ಬಾದ ಮಂಟಪದ ಕೊನೆಯಲ್ಲಿ ಝಾಂ ಲ ಮೊಯಾಲ್ ರಚಿಸಿದ ಹೊಸ ವರ್ಣಗವಾಕ್ಷದಿಂದ ಕೆಂಪು ನೀಲಿ ಬೆಳಕು ನೆಲದ ಮೇಲೆ ಸುರಿಯುತ್ತಿರುತ್ತದೆ. ಮನೆ ಕಳೆದುಕೊಂಡವರು ಅದೇ ಬಂಡೆಗೆ ಮರಳಬೇಕೆಂದು, ಅದೇ ಕಲ್ಲಿನಲ್ಲಿ ಕಟ್ಟಬೇಕೆಂದು ಹಿಡಿದ ಹಠವನ್ನು ನಾನು ಮನಸಾರೆ ಗೌರವಿಸುತ್ತೇನೆ. ಗಣರಾಜ್ಯವಾದ ನಾಲ್ಕು ವರ್ಷಗಳಿಗಿಂತಲೂ ಹಡಗುಗಳನ್ನು ಹಿಡಿದ ನೂರು ವರ್ಷಗಳಿಗಿಂತಲೂ ಈ ಹನ್ನೆರಡು ವರ್ಷಗಳು ಊರಿನ ಚರಿತ್ರೆಯಲ್ಲಿ ಹೆಚ್ಚಿನವೆಂದು ಎಣಿಸುತ್ತೇನೆ.

ಈಗ ಇಲ್ಲಿಯ ಬಂದರು ಜರ್ಸಿಗೂ ಇಂಗ್ಲೆಂಡಿಗೂ ಹೋಗಿಬರುವ ಯಾತ್ರಿಕರ ಹಡಗುಗಳಿಂದ, ನಮ್ಮಂಥವರ ಹಾಯಿದೋಣಿಗಳಿಂದ ತುಂಬಿರುತ್ತದೆ. 1978ರಿಂದ ನಾಲ್ಕು ವರ್ಷಗಳಿಗೊಮ್ಮೆ ಇಲ್ಲಿಂದ ಗ್ವಾದಲೂಪಿಗೆ ಒಬ್ಬಂಟಿಗರು ಹಾಯಿ ಬಿಚ್ಚಿ ಹೊರಡುವ ಪಂದ್ಯ ನಡೆಯುತ್ತದೆ. ಮೊದಲನೆಯ ಪಂದ್ಯದಲ್ಲಿ ಇಡೀ ಅಟ್ಲಾಂಟಿಕನ್ನು ದಾಟಿದ ಮೇಲೆ ಮೊದಲಿಗನಿಗೂ ಎರಡನೆಯವನಿಗೂ ಉಳಿದ ಅಂತರ 98 ಸೆಕೆಂಡು.

ನಾವು ಸ್ಯಾಂ ಮಾಲೊವನ್ನು ಬಿಟ್ಟುದು ರಾಂಸ್ ನದಿಯ ಮಾರ್ಗವಾಗಿ. ಹದಿನಾಲ್ಕನೆಯ ಶತಮಾನದ ಸೊಲಿದೋರ್ ಬುರುಜನ್ನು ಎಡಕ್ಕೆ ಬಿಟ್ಟು ಸ್ವಲ್ಪ ಮುಂದೆ ಹೋದರೆ ಅಳಿವೆಗೆ ಅಡ್ಡಲಾಗಿ 750 ಮೀಟರ್ ಉದ್ದದ ಅಣೆಕಟ್ಟು. ಉಬ್ಬರವಿಳಿತದಿಂದ ವಿದ್ಯುತ್ತನ್ನು ತೆಗೆದ ಜಗತ್ತಿನ ಮೊದಲ ದೊಡ್ಡ ಸ್ಥಾವರ. ಜನರಲ್ ದ ಗೋಲ್ 1966ರ ನವೆಂಬರಿನಲ್ಲಿ ಅದನ್ನು ಉದ್ಘಾಟಿಸಿದರು. ಅದರೊಳಗಿನ 24 ಟರ್ಬೈನುಗಳು ನೀರು ಒಳನುಗ್ಗುವಾಗಲೂ ಹೊರಹರಿಯುವಾಗಲೂ ತಿರುಗುತ್ತವೆ. ಒಟ್ಟು ಸಾಮರ್ಥ್ಯ 240 ಮೆಗಾವಾಟ್. ಹೊಸ ಯೋಚನೆಯೇನೂ ಇದಲ್ಲ. ಮಧ್ಯಯುಗದಿಂದಲೂ ಈ ನದಿಯ ತಿರುವುಗಳಲ್ಲಿ ಭರತದ ನೀರನ್ನು ಕಟ್ಟೆಹಾಕಿ ತಡೆದು, ಇಳಿತದಲ್ಲಿ ಬಿಟ್ಟು, ಗೋಧಿ ಬೀಸುತ್ತಿದ್ದ ಗಿರಣಿಗಳ ಕಲ್ಲುಗೋಡೆಗಳು ದಡದಲ್ಲಿ ಇನ್ನೂ ಇವೆ. ಅಣೆಕಟ್ಟು ಕಟ್ಟುವಾಗ ಮೂರು ವರ್ಷ ಅಳಿವೆಯನ್ನು ಕಡಲಿನಿಂದ ಬೇರ್ಪಡಿಸಿದ್ದುದರಿಂದ ಒಳಗಿನ ಜಲಚರಗಳು ಬಹುಮಟ್ಟಿಗೆ ನಾಶವಾದುವು. ಮೀನುಗಳೂ ಹಕ್ಕಿಗಳೂ ಮರಳಿ ಬಂದಿವೆ, ಆದರೆ ನೀರಿನ ಸಹಜವಾದ ಓಟ ಕುಂದಿದುದರಿಂದ ಹೂಳು ತುಂಬುತ್ತಿದೆ, ಅದನ್ನು ತೆಗೆಯುವ ಕೆಲಸ ನಡೆಯುತ್ತಲೇ ಇದೆ. ಅಣೆಕಟ್ಟಿನ ಪಡುವಣ ತುದಿಯಲ್ಲಿ ದೋಣಿಗಳಿಗಾಗಿ ಜಲದ್ವಾರವಿದೆ. ಹಿನ್ನೀರಿನ ಮಟ್ಟ ಯಾವ ಹೊತ್ತಿಗೆ ಎಷ್ಟಿರುವುದೆಂಬ ಪಟ್ಟಿಯನ್ನು ಸ್ಥಾವರದವರು ಮುಂಚಿತವಾಗಿಯೇ ಪ್ರಕಟಿಸುತ್ತಾರೆ. ಅಲ್ಲಿಂದ ದಿನಾಂ ಪಟ್ಟಣದವರೆಗೆ ಸುಮಾರು 20 ಕಿಲೋಮೀಟರ್. ಹಾಯಿಗಿಂತ ಯಂತ್ರವನ್ನೇ ನೆಚ್ಚಿಕೊಂಡು, ಆಳದ ಗುರುತಿನ ಕಂಬಗಳ ನಡುವೆ ನಿಧಾನವಾಗಿ ಹೋಗಬೇಕು, ಏಕೆಂದರೆ ನಕ್ಷೆಯಲ್ಲಿ ನೀರೆಂದು ತೋರಿಸಿರುವ ಎಷ್ಟೋ ಕಡೆ ಈಗ ಇರುವುದು ಕೆಸರು.